ಕಾವಲು ಮಾತ್ರೆ

4 ಜೂನ್

ಅಕ್ಕಾ,

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಮೂರನೇ ಮಾತಿಗೆ ಜಗಳ, ಐದನೇ ಮಾತಿಗೆ ಯಾರಾದರೊಬ್ಬರು ರಿಸೀವರ್ ಕುಕ್ಕುವುದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ಬೈದರೂ ಅದು ನನಗೆ ಮುಟ್ಟಲು ಆರು ದಿನ ಬೇಕು. ಅಷ್ಟರಲ್ಲಿ ಬೈಗುಳ ಆರಿ ತಣ್ಣಗಾಗಿರುತ್ತದೆ.

ವಿಷಯಕ್ಕೆ ಬರುತ್ತೇನೆ, ಗಡಿಯಾರ ನೋಡಬೇಡ. ಆ ಹಾಳು ಉರಿಮೂತ್ರ ಮತ್ತೆ ಬಂದಿದೆ. ಈ ವರ್ಷ ಇದು ನಾಲ್ಕನೇ ಸಲ. ಮೊನ್ನೆ ಪುಟಾಣಿಗಳ ತರಗತಿ ನಡೆಯುತ್ತಿದ್ದಾಗ ಮೂರು ಸಲ ಕೊಳದಿಂದ ಎದ್ದು ಓಡಿದೆ. ನಾಲ್ಕನೆಯ ಸಲ ಓಡುವಾಗ ಒಬ್ಬ ಚೋಟುದ್ದದ ಹುಡುಗಿ ಪಕ್ಕದವಳಿಗೆ, "ಟೀಚರ್‌ಗೆ ನೀರು ಕಂಡ್ರೆ ಭಯ ಕಣೇ" ಅಂದಳು. ಇಪ್ಪತ್ತೆರಡು ವರ್ಷದಿಂದ ಈಜು ಕಲಿಸುತ್ತಿರುವ ನನಗೆ ಈ ಮಾತು!

ಮೊದಲಿದ್ದ ಡಾಕ್ಟರಮ್ಮ ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದಿರುವವರ ಇಬ್ಬರು ಮಕ್ಕಳೂ ನನ್ನ ಹತ್ತಿರವೇ ಈಜು ಕಲಿಯುತ್ತಾರೆ. ಬೆಳಿಗ್ಗೆ ಅವರ ಮುಂದೆ ಇದನ್ನೆಲ್ಲ ವಿವರಿಸಿ, ಸಂಜೆ ಅವರೆದುರಿಗೇ ಈಜುಡುಗೆ ಹಾಕಿಕೊಂಡು ನೀರಿಗೆ ಹಾರುವುದು ನನ್ನ ಕೈಲಾಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಇಷ್ಟು ದಿನ ನಿನ್ನನ್ನು ಕೇಳಿರಲಿಲ್ಲ. ದೊಡ್ಡಾಸ್ಪತ್ರೆಯ ಔಷಧಿ ವಿಭಾಗದಲ್ಲಿ ಮೂವತ್ತು ವರ್ಷ ನಿಂತವಳು ನೀನು. ಏನಾದರೂ ದಾರಿ ಹೇಳು.

ಈ ಕೆಲಸ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ ಅಕ್ಕಾ. ಹೊಸ ತಂಡ ಬಂದ ಮೊದಲ ದಿನ ನಾನು ಉಸಿರು ಕಟ್ಟಿ ಕೊಳದ ತಳದಲ್ಲಿ ಕೂರುತ್ತೇನೆ, ಮಕ್ಕಳು ದಂಡೆಯ ಮೇಲೆ ನಿಂತು ಕೂಗಿ ಎಣಿಸುತ್ತಾರೆ. ಈ ಸಲ ತೊಂಬತ್ತಾರರವರೆಗೆ ಹೋಯಿತು. ಮೇಲೆ ಬಂದಾಗ ಅವರು ಕುಣಿಯುವುದನ್ನು ನೋಡಬೇಕು ನೀನು. ನೀರಿನೊಳಗಿದ್ದಾಗ ಮಾತ್ರ ನಾನು ಯಾರಿಗೂ ಕಮ್ಮಿಯಿಲ್ಲ ಅನ್ನಿಸುತ್ತದೆ.

ಭಾವನಿಗೆ ಈ ಕಾಗದ ಓದಿ ಹೇಳಬೇಡ, ದಮ್ಮಯ್ಯ.

ನಿನ್ನ ತಂಗಿ

12 ಜೂನ್

ಅರೆಬರೆಗೆ,

ಈ ಅಡ್ಡಹೆಸರು ಇಟ್ಟದ್ದು ಅಪ್ಪ, ನಾನಲ್ಲ. ಆದರೆ ಅವರು ಹೇಳಿದ್ದರಲ್ಲಿ ಇದೊಂದು ಸರಿಯಾಗಿತ್ತು. ಟೈಪಿಂಗ್ ಅರ್ಧ. ಹೊಲಿಗೆ ಅರ್ಧ. ಮದುವೆ ಒಂದೂವರೆ ವರ್ಷ. ಅಮ್ಮ ಹಾಸಿಗೆ ಹಿಡಿದಾಗ ನಾನು ನೋಡಿಕೊಳ್ಳುತ್ತೇನೆಂದು ಬಂದವಳು ಐದನೇ ತಿಂಗಳಿಗೆ ಪೆಟ್ಟಿಗೆ ಕಟ್ಟಿದೆ. ಉಳಿದ ಹದಿನಾಲ್ಕು ತಿಂಗಳು ಬಳಿದವಳು, ಒರೆಸಿದವಳು ನಾನು. ಉರಿಮೂತ್ರದ ಮಾತ್ರೆಯನ್ನೂ ನೀನು ಮೂರನೇ ದಿನಕ್ಕೇ ನಿಲ್ಲಿಸಿರುತ್ತೀಯ, ಹೌದೋ ಅಲ್ಲವೋ? ಮತ್ತೆ ಬರದೆ ಏನು ಮಾಡುತ್ತದೆ? ಸಾಲದ್ದಕ್ಕೆ ದಿನಕ್ಕೆ ಆರು ಗಂಟೆ ಒದ್ದೆ ಬಟ್ಟೆ.

ಪೊಟ್ಟಣದಲ್ಲಿರುವ ಬಿಳಿ ಮಾತ್ರೆ ಐದು ದಿನ, ಈಗಿನ ಉರಿಗೆ. ಅದು ಮುಗಿದ ಮೇಲೆ ಹಳದಿ ಕ್ಯಾಪ್ಸೂಲ್. ರಾತ್ರಿ ಊಟವಾದ ಮೇಲೆ ಒಂದೊಂದು, ಆರು ತಿಂಗಳು. ಆರು ತಿಂಗಳು ಔಷಧಿಯಾ ಅಂತ ಬಾಯಿ ಬಿಡಬೇಡ. ರೋಗ ಇದ್ದಾಗ ತೆಗೆದುಕೊಂಡರೆ ಔಷಧಿ, ರೋಗ ಬರದ ಹಾಗೆ ತೆಗೆದುಕೊಂಡರೆ ಕಾವಲು. ಇದು ಔಷಧಿ ಅಲ್ಲ, ಕಾವಲು ಮಾತ್ರೆ. ಬಾಗಿಲಲ್ಲಿ ಕೂತಿರುತ್ತದೆ, ಅಷ್ಟೆ. ನಡುವೆ ನಿಲ್ಲಿಸಿದೆಯೋ, ಆ ಕ್ರಿಮಿಗಳು ಪಾಠ ಕಲಿತು ಮುಂದೆ ಯಾವ ಮಾತ್ರೆಗೂ ಬಗ್ಗುವುದಿಲ್ಲ.

ಡಬ್ಬಿಯೊಳಗಿದ್ದ ವಿವರದ ಕಾಗದವನ್ನು ನಾನೇ ತೆಗೆದಿಟ್ಟುಕೊಂಡಿದ್ದೇನೆ. ಹಿಂದೊಮ್ಮೆ ಜ್ವರದ ಮಾತ್ರೆಯ ಕಾಗದ ಓದಿ, "ಇದರಲ್ಲಿರೋ ಹನ್ನೆರಡು ತೊಂದರೇಲಿ ಒಂಬತ್ತು ನನಗೆ ಆಗಲೇ ಶುರುವಾಗಿದೆ" ಅಂತ ಇಡೀ ಡಬ್ಬಿಯನ್ನು ಬಚ್ಚಲಿಗೆ ಸುರಿದವಳು ನೀನು. ಓದುವ ಕೆಲಸ ನನ್ನದು, ನುಂಗುವ ಕೆಲಸ ನಿನ್ನದು.

ಇದೊಂದನ್ನಾದರೂ ಮುಗಿಸು ನೋಡೋಣ.

ಅಕ್ಕ

20 ಜುಲೈ

ಅಕ್ಕಾ,

ನಿನ್ನ ಬಾಯಿ ಎಷ್ಟೇ ಕೆಟ್ಟದಿರಲಿ, ಕೈಗುಣ ಮಾತ್ರ ಚೆನ್ನಾಗಿದೆ. ಉರಿ ಹೋಯಿತು. ಒಂದು ತಿಂಗಳಿಂದ ತರಗತಿಯ ನಡುವೆ ಒಂದು ಸಲವೂ ಎದ್ದು ಓಡಿಲ್ಲ. ಸಿಬ್ಬಂದಿ ಕೋಣೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೇನೆ. ಲಾಕರ್ ಕೀಲಿ ಕೊಡುವ ಅಜ್ಜ ಅದನ್ನು ನೋಡಿ, "ಏನಮ್ಮಾ, ಯಾರಾದ್ರೂ ಜೈಲಿಂದ ಬರೋರಿದ್ದಾರಾ?" ಅಂತ ಕೇಳಿದರು.

ಒಂದು ವಿಷಯ ಹೇಳಬೇಕಿತ್ತು ನೀನು. ಮೂತ್ರ ಗಾಢ ಹಳದಿಗೆ ತಿರುಗಿದ್ದು ನೋಡಿ ಮೊದಲ ದಿನ ಕಾಮಾಲೆಯೇ ಬಂತು ಅಂದುಕೊಂಡೆ. ಬಚ್ಚಲಿಗೆ ಸುರಿಯಲು ಡಬ್ಬಿ ಎತ್ತಿದ್ದೆ, ನಿಜ ಹೇಳುತ್ತೇನೆ. ಆಮೇಲೆ ನಿನ್ನ ಮುಖ ನೆನಪಾಗಿ ಮುಚ್ಚಳ ಹಾಕಿದೆ.

ಟೈಪಿಂಗ್, ಹೊಲಿಗೆ, ಗಂಡ, ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀಯಲ್ಲ, ಓದಿ ನಕ್ಕೆ. ಅಮ್ಮನ ವಿಷಯ ಓದಿ ನಗು ಬರಲಿಲ್ಲ. "ನೀನು ಹೋಗು, ಕೊಳದ ಕೆಲಸ ಕೈತಪ್ಪಿದ್ರೆ ಮತ್ತೆ ಸಿಗಲ್ಲ" ಅಂದದ್ದು ಅಮ್ಮನೇ. ಆವತ್ತೇ ನಿನಗೆ ಹೇಳಿದ್ದೆ, ನೀನು ನಂಬಲಿಲ್ಲ. ಹೋಗಲಿ ಬಿಡು. ಈ ಸಲ ಮುಗಿಸಿ ತೋರಿಸುತ್ತೇನೆ.

ಅರೆಬರೆ

2 ಆಗಸ್ಟ್

ಅರೆಬರೆಗೆ,

ಮೂತ್ರದ ಬಣ್ಣ ಬದಲಾಗುವುದು ಮಾಮೂಲು. ಹೇಳಿದ್ದರೆ ನೀನು ಮೊದಲ ಕ್ಯಾಪ್ಸೂಲನ್ನೂ ನುಂಗುತ್ತಿರಲಿಲ್ಲ.

ಇಲ್ಲಿ ನನಗೆ ಉಸಿರಾಡಲು ಪುರಸೊತ್ತಿಲ್ಲ. ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಆ ಕುರ್ಚಿಗೆ ನನ್ನ ಹೆಸರೂ ಇದೆ, ಇನ್ನೊಬ್ಬನ ಹೆಸರೂ ಇದೆ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ನಗುವುದು ಮಾತ್ರ ಹತ್ತು ಪಟ್ಟು ಜಾಸ್ತಿ. ನಾನು "ನಡುವೆ ನಿಲ್ಲಿಸಬೇಡಿ" ಅಂತ ಒಂದು ಅಭಿಯಾನ ಶುರುಮಾಡಿದ್ದೇನೆ. ಎಲ್ಲ ವಾರ್ಡಿನ ಗೋಡೆಗೂ ನನ್ನ ಬರಹವೇ. ಮೊನ್ನೆ ಸಭಾಂಗಣದಲ್ಲಿ ಮಾತಾಡುವಾಗ ನಿನ್ನ ಉದಾಹರಣೆಯನ್ನೇ ಕೊಟ್ಟೆ. "ನನ್ನ ತಂಗಿಯಂಥ ತಂಗಿಯೇ ಒಂದು ದಿನ ಬಿಡದೆ ನುಂಗ್ತಿದ್ದಾಳೆ ಅಂದ್ರೆ ನಿಮಗೇನು ಧಾಡಿ?" ಅಂದೆ. ಎಲ್ಲ ಬಿದ್ದು ಬಿದ್ದು ನಕ್ಕರು. ಹಿರಿಯ ವೈದ್ಯಾಧಿಕಾರಿಯೂ ನಕ್ಕರು.

ಉಳಿದ ನಾಲ್ಕು ತಿಂಗಳಿನದನ್ನೂ ಒಟ್ಟಿಗೇ ಕಳಿಸಿದ್ದೇನೆ. ಈಗ ನೀನು ಬಿಟ್ಟರೆ ನಿನ್ನ ಮರ್ಯಾದೆ ಮಾತ್ರ ಹೋಗುವುದಿಲ್ಲ, ತಿಳಿದಿರಲಿ.

ಅಕ್ಕ

17 ಸೆಪ್ಟೆಂಬರ್

ಅಕ್ಕಾ,

ಕೊಳಕ್ಕೆ ಹಾಕುವ ಕ್ಲೋರಿನ್ ಬದಲಾಯಿಸಿದ್ದಾರೋ ಏನೋ, ಮೂರು ವಾರದಿಂದ ಒಣ ಕೆಮ್ಮು. ಕಫವಿಲ್ಲ, ನೆಗಡಿಯಿಲ್ಲ, ಬರೀ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. ಸೀಟಿ ಊದಲು ಹೋದರೆ ಸೀಟಿಗಿಂತ ಮೊದಲು ಕೆಮ್ಮು ಬರುತ್ತದೆ. ಮಕ್ಕಳು ಈಗ ಕೆಮ್ಮು ಕೇಳಿದರೇ ನೀರಿಗೆ ಹಾರುತ್ತಾರೆ.

ಆದರೆ ಜೊತೆಗಿರುವ ಇನ್ನೊಬ್ಬ ಶಿಕ್ಷಕಿಗೆ ಏನೂ ಆಗಿಲ್ಲ. ಅವಳೂ ಅದೇ ನೀರಿನಲ್ಲಿ ನೆನೆಯುವವಳು. ಹೊಸ ತಂಡದವರು ಎಣಿಸಿದಾಗ ಎಪ್ಪತ್ತೊಂದಕ್ಕೇ ಮೇಲೆ ಬಂದೆ. ಎದೆಯ ಕೆಳಗೆ ಯಾರೋ ಬಟ್ಟೆ ಒತ್ತಿ ಹಿಡಿದ ಹಾಗಾಯಿತು. "ಹೋದ ಸಲ ತೊಂಬತ್ತಾರು ಅಂತ ನಮ್ಮಣ್ಣ ಹೇಳಿದ್ದ" ಅಂತ ಒಬ್ಬಳು ಮುಖ ಊದಿಸಿಕೊಂಡಳು.

ನೀನು ಬೈಯುತ್ತೀಯ ಅಂತ ಗೊತ್ತಿದ್ದೂ ಕೇಳುತ್ತೇನೆ. ಹೊಸದಾಗಿ ನನ್ನ ಹೊಟ್ಟೆಗೆ ಹೋಗುತ್ತಿರುವುದು ಆ ಕಾವಲು ಮಾತ್ರೆಯೊಂದೇ. ಒಂದು ವಾರ ಬಿಟ್ಟು ನೋಡಲಾ?

ಅರೆಬರೆ

25 ಸೆಪ್ಟೆಂಬರ್

ಅರೆಬರೆಗೆ,

ಶುರುವಾಯಿತು ನೋಡು. ಮೂರು ತಿಂಗಳಾದ ಮೇಲೂ ಬಿಡಲು ನೆಪ ಹುಡುಕುತ್ತಿಲ್ಲವಲ್ಲ ಅಂತ ನಾನೇ ಆಶ್ಚರ್ಯಪಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉರಿಮೂತ್ರದ ಮಾತ್ರೆ ಎಲ್ಲಿ, ಎದೆ ಎಲ್ಲಿ? ಅದು ಮೂತ್ರಕೋಶಕ್ಕೆ ಹೋಗಿ ಕೆಲಸ ಮಾಡಿ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಮೂವತ್ತು ವರ್ಷದಲ್ಲಿ ಸಾವಿರಾರು ಜನರಿಗೆ ಕೊಟ್ಟಿದ್ದೇನೆ, ಒಬ್ಬರೂ ಕೆಮ್ಮಿಕೊಂಡು ವಾಪಸ್ ಬಂದಿಲ್ಲ.

ನಿನಗೆ ನಲವತ್ತನಾಲ್ಕು. ಎಪ್ಪತ್ತೊಂದು ಎಣಿಸುವಷ್ಟು ಹೊತ್ತು ಉಸಿರು ಕಟ್ಟುವುದೇ ಹೆಚ್ಚು. ನಾನಾದರೆ ಏಳಕ್ಕೇ ಮೇಲೆ ಬರುತ್ತೇನೆ, ಅದಕ್ಕೆ ಯಾರಿಗೂ ಕಾಗದ ಬರೆಯುವುದಿಲ್ಲ. ಬಿಸಿನೀರು ಕುಡಿ, ಕತ್ತಿಗೆ ಬಟ್ಟೆ ಸುತ್ತಿಕೋ.

ಬಿಡಬೇಡ. ಬಿಟ್ಟರೆ ನನಗೆ ಮತ್ತೆ ಕಾಗದವನ್ನೂ ಬರೆಯಬೇಡ.

ಅಕ್ಕ

14 ಅಕ್ಟೋಬರ್

ಅಕ್ಕಾ,

ಬಿಟ್ಟಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ಮನೆಗೆ ಹತ್ತೊಂಬತ್ತು ಮೆಟ್ಟಿಲು. ಇಷ್ಟು ವರ್ಷ ಎಣಿಸಿರಲಿಲ್ಲ, ಈಗ ಎಣಿಸುತ್ತೇನೆ, ಏಕೆಂದರೆ ಹತ್ತನೆಯದರ ಮೇಲೆ ಕೂರಬೇಕಾಗುತ್ತದೆ. ಈ ವಾರ ಮಕ್ಕಳು ಮೂವತ್ತೆಂಟು ಎಣಿಸಿದರು. ಅದರಲ್ಲೂ ಅವರು ಬೇಗ ಬೇಗ ಎಣಿಸಿದರು, ನನ್ನ ಮೇಲೆ ಕರುಣೆಯಿಂದ. ಎಂಟು ವರ್ಷದ ಮಕ್ಕಳು ನನಗೆ ಕರುಣೆ ತೋರಿಸುತ್ತಿದ್ದಾರೆ ಅಕ್ಕಾ. ನನಗೆ ಭಯವಾಗುತ್ತಿದೆ.

ಕೊನೆಗೆ ನಾಚಿಕೆ ಬಿಟ್ಟು ಆ ಡಾಕ್ಟರ ಹತ್ತಿರವೇ ಹೋದೆ. ಕೆಮ್ಮು ತಾನೇ, ಕೆಮ್ಮಿಗೇನು ನಾಚಿಕೆ. ಎಕ್ಸ್‌ರೇ ತೆಗೆಸಿದರು. ಎರಡೂ ಕಡೆ ಕೆಳಗೆ ಮಂಜು ಮುಸುಕಿದ ಹಾಗೆ ಬಿಳಿಬಿಳಿ ಇದೆ. ಕ್ಷಯ ಇರಬಹುದೇ ಅಂತ ಕೈಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದರು, ಇಲ್ಲ ಅಂತ ಬಂತು. ಪಾಪ, ಅವರು ತಲೆ ಕೆರೆದುಕೊಂಡು, "ಮನೇಲಿ ಪಾರಿವಾಳ ಸಾಕಿದ್ದೀರಾ? ಹತ್ತಿ ಗಿರಣಿ ಹತ್ರ ಇದ್ದೀರಾ?" ಅಂತೆಲ್ಲ ಕೇಳಿದರು. "ಬೇರೆ ಯಾವುದಾದ್ರೂ ಔಷಧಿ ತಗೋತಿದ್ದೀರಾ?" ಅಂತ ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಅಂದೆ. ಕಾವಲು ಮಾತ್ರೆ ಔಷಧಿ ಅಲ್ಲ ಅಂತ ನೀನೇ ಹೇಳಿದ್ದೀಯಲ್ಲ. ಅದನ್ನು ಹೇಳಿದರೆ ಅವರಿಗೆ ಉರಿಮೂತ್ರದ ಕಥೆಯನ್ನೂ ಹೇಳಬೇಕಾಗುತ್ತಿತ್ತು. ನಾನು ಹೇಳಿದ್ದು ಸರಿ ತಾನೇ? ಇದೊಂದಕ್ಕೆ ಉತ್ತರ ಬರೆ.

ತಂಗಿ

21 ಅಕ್ಟೋಬರ್

ಪುಟ್ಟಿ,

ಕಾಗದ ಬಂತು. ಮೈ ಹೇಗಿದೆ? ಮೆಟ್ಟಿಲು ಹತ್ತುವಾಗ ಆತುರ ಬೇಡ. ಸ್ವಲ್ಪ ದಿನ ರಜೆ ಹಾಕಿ ಮಲಗು.

ಇದರ ಜೊತೆ ಹೊಸ ಡಬ್ಬಿ ಕಳಿಸಿದ್ದೇನೆ. ಹಿಂದೆ ಕಳಿಸಿದ್ದ ದೊಡ್ಡ ಡಬ್ಬಿಯ ಅವಧಿ ನವೆಂಬರ್ ಕೊನೆಗೆ ಮುಗಿಯುತ್ತದೆ, ಆಗ ಗಮನಿಸಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಇನ್ನು ಮೇಲೆ ಇದನ್ನೇ ತೆಗೆದುಕೋ. ಅದೇ ಕಾವಲು ಮಾತ್ರೆ, ತಯಾರಕರು ಬೇರೆ, ಆದ್ದರಿಂದ ಕ್ಯಾಪ್ಸೂಲು ನೋಡಲು ಸ್ವಲ್ಪ ಬೇರೆಯಾಗಿದೆ. ಹಳೆಯದನ್ನು ನನಗೆ ವಾಪಸ್ ಕಳಿಸಿದರೂ ಆಯಿತು.

ಡಾಕ್ಟರ ಹತ್ತಿರ ಆಡಿದ ಮಾತು ಆಡಿ ಆಯಿತು. ಅದನ್ನು ಮತ್ತೆ ಕೆದಕಬೇಡ.

ಭಾವ ಕೇಳಿದರು ಅಂತ ಹೇಳಲು ಹೇಳಿದರು. ಮುಂದಿನ ವಾರ ಸಂದರ್ಶನ. ಚೆನ್ನಾಗಿ ಊಟ ಮಾಡು ಪುಟ್ಟಿ.

ಅಕ್ಕ

9 ನವೆಂಬರ್

ಅಕ್ಕಾ,

ನೀನು ಪುಟ್ಟಿ ಅಂತ ಬರೆದಿದ್ದೀಯ. ಲಂಗ ಹಾಕುತ್ತಿದ್ದಾಗ ಕರೆಯುತ್ತಿದ್ದ ಹೆಸರು ಅದು. ಮೂರು ಸಲ ಓದಿದೆ. ಇನ್ನೊಬ್ಬ ಶಿಕ್ಷಕಿಗೂ ತೋರಿಸಿದೆ. "ನಿಮ್ಮಕ್ಕ ಬಾಯಲ್ಲಿ ಬೆಂಕಿ, ಹೊಟ್ಟೇಲಿ ಬೆಣ್ಣೆ" ಅಂದಳು. ಹೌದು ಅಂದೆ, ಅಂದು ಅತ್ತೂಬಿಟ್ಟೆ. ಕಾಯಿಲೆಯವರಿಗೆ ಅಳು ಬೇಗ ಬರುತ್ತದೆ ಅಂತ ಕಾಣುತ್ತದೆ.

ನನ್ನನ್ನು ಈಗ ಕೊಳಕ್ಕೆ ಇಳಿಸುವುದಿಲ್ಲ. ಕೊನೆಯ ಸಲ ಇಳಿದಾಗ ಹನ್ನೊಂದಕ್ಕೆ ಎದ್ದೆ, ನೀರು ಕುಡಿದೆ, ಒಬ್ಬ ವಿದ್ಯಾರ್ಥಿನಿಯೇ ನನ್ನ ಕೈ ಹಿಡಿದು ದಂಡೆಗೆ ತಂದಳು. ಉಸ್ತುವಾರಿಯವರು, "ಸ್ವಲ್ಪ ದಿನ ಕೂತ್ಕೊಂಡು ಮಾಡೋ ಕೆಲಸ ಮಾಡಿ" ಅಂತ ಲಾಕರ್ ಕೀಲಿ ಕೌಂಟರಿಗೆ ಹಾಕಿದ್ದಾರೆ. ಅಜ್ಜನನ್ನು ತೋಟದ ಕೆಲಸಕ್ಕೆ ಕಳಿಸಿದರು. ಅಜ್ಜ ತಮ್ಮ ಕುರ್ಚಿಯ ಮೆತ್ತೆಯನ್ನು ನನಗೇ ಬಿಟ್ಟು ಹೋದರು. ಇಲ್ಲಿ ಕೂತರೆ ಕೊಳ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಅದೇ ಹೆಚ್ಚು ಹಿಂಸೆ.

ಆದರೆ ನೀನು ಹೆಮ್ಮೆಪಡುವ ಒಂದು ವಿಷಯ ಹೇಳುತ್ತೇನೆ. ಹೊಸ ಡಬ್ಬಿ ಬಂದ ದಿನ ಹಳೆಯದರಲ್ಲಿ ನಲವತ್ತಾರು ಕ್ಯಾಪ್ಸೂಲ್ ಉಳಿದಿದ್ದವು. ಅಷ್ಟನ್ನೂ ಅರ್ಧಕ್ಕೆ ಬಿಟ್ಟು ಹೊಸದನ್ನು ಒಡೆಯಲು ನನಗೆ ಮನಸ್ಸು ಬರಲಿಲ್ಲ. ಅವಧಿ ನವೆಂಬರ್ ಕೊನೆಯವರೆಗೆ ಇದೆ ತಾನೇ? ಅದಕ್ಕೇ ಆವತ್ತಿನಿಂದ ದಿನಕ್ಕೆ ಎರಡೆರಡು ನುಂಗುತ್ತಿದ್ದೇನೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಇನ್ನು ಹದಿನೆಂಟು ಉಳಿದಿವೆ. ಒಂದೂ ಹಾಳಾಗುವುದಿಲ್ಲ. ಈಗಲಾದರೂ ಆ ಅಡ್ಡಹೆಸರು ತೆಗೆಯುತ್ತೀಯಾ?

ಕಾಗದ ಎರಡು ದಿನ ಕೂತು ಬರೆದೆ. ಬರೆಯುವಾಗಲೂ ಮೇಲುಸಿರು ಬರುತ್ತದೆ.

ಪುಟ್ಟಿ

15 ನವೆಂಬರ್

ಪುಟ್ಟಿ,

ಕಾಗದ ಈಗ ತಾನೇ ಬಂತು. ನಿಲ್ಲಿಸು. ಆ ಹಳೇ ಡಬ್ಬಿಯದನ್ನು ಇವತ್ತೇ ನಿಲ್ಲಿಸು. ಎರಡೆರಡು ನುಂಗು ಅಂತ ನಿನಗೆ ಯಾರು ಹೇಳಿದರು? ಪಕ್ಕಕ್ಕಿಡು ಅಂತ ಬರೆದಿದ್ದೆನಲ್ಲ, ನನ್ನ ಮಾತನ್ನು ಯಾವತ್ತಾದರೂ ಪೂರ್ತಿ ಕೇಳಿದ್ದೀಯಾ?

ವಿಷಯ ಏನೆಂದರೆ, ನಿನ್ನೆ ಒಂದು ವೈದ್ಯ ಪತ್ರಿಕೆ ತಿರುವಿಹಾಕುತ್ತಿದ್ದಾಗ ಕಣ್ಣಿಗೆ ಬಿತ್ತು. ಅಪರೂಪಕ್ಕೆ, ಬಹಳ ಅಪರೂಪಕ್ಕೆ, ಆ ಹಳದಿ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಶ್ವಾಸಕೋಶ ಊದಿಕೊಳ್ಳುತ್ತದಂತೆ. ಒಣ ಕೆಮ್ಮು, ಮೈ ಬಿಸಿ, ಮೇಲುಸಿರು. ನಿನ್ನೆಯವರೆಗೂ ನನಗೆ ಗೊತ್ತಿರಲಿಲ್ಲ, ಅಮ್ಮನಾಣೆ. ಮೊದಲೇ ಗೊತ್ತಿದ್ದರೆ ಒಂದು ದಿನ ಸುಮ್ಮನಿರುತ್ತಿದ್ದೆನಾ? ನಿಲ್ಲಿಸಿದರೆ ತಾನಾಗಿಯೇ ಇಳಿಯುತ್ತದೆ ಅಂತಲೂ ಬರೆದಿದೆ. ಹೆದರಬೇಡ.

ಡಾಕ್ಟರ ಹತ್ತಿರ ಹೋಗು. ಕೇಳಿದರೆ ಮೆಡಿಕಲ್ ಶಾಪಿನಲ್ಲಿ ನಾನೇ ಕೊಂಡೆ ಅನ್ನು. ಡಾಕ್ಟರ ಚೀಟಿಯಿಲ್ಲದೆ ಕೊಟ್ಟದ್ದು ಇಲ್ಲಿ ಗೊತ್ತಾದರೆ ನನ್ನ ಕಥೆ ಮುಗಿಯಿತು. ಈ ತಿಂಗಳ ಒಂದನೇ ತಾರೀಖಿನಿಂದ ನಾನು ವಿಭಾಗದ ಮುಖ್ಯಸ್ಥೆ. ನಿನಗೆ ಖುಷಿಯಾಗಲಿ ಅಂತ ಬರೆದೆ.

ಬೇಕಾದರೆ ನಾನು ಹೊರಟು ಬರುತ್ತೇನೆ. ಬರಲಾ?

ಅಕ್ಕ

6 ಡಿಸೆಂಬರ್

ಅಕ್ಕಾ,

ಬರಬೇಡ.

ಇದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಐದು ದಿನದಿಂದ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ. ಮೂಗಿನಲ್ಲಿ ಆಮ್ಲಜನಕದ ಕೊಳವೆ ಇದೆ. ಕಿಟಕಿಯಾಚೆ ಗೋಡೆ, ಗೋಡೆಗೆ ಒಂದು ಕೊಡೆ ಒರಗಿಸಿದ್ದಾರೆ, ಅದು ಯಾರದೋ ತಿಳಿಯದು, ಯಾರೂ ತೆಗೆದುಕೊಂಡು ಹೋಗುವುದಿಲ್ಲ. ನಿನ್ನ ನವೆಂಬರ್ ಹದಿನೈದರ ಕಾಗದವನ್ನು ಅಜ್ಜ ಇಲ್ಲಿಗೇ ತಂದುಕೊಟ್ಟರು. ಆಗಲೇ ಇಪ್ಪತ್ತೆರಡನೇ ತಾರೀಖು. ಕೊನೆಯ ಕ್ಯಾಪ್ಸೂಲನ್ನು ನಾನು ಹದಿನೆಂಟರ ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ನುಂಗಿ ಮುಗಿಸಿದ್ದೆ. ರಾತ್ರಿಯದನ್ನೂ ಸೇರಿಸಿಕೊಂಡು ಎರಡನ್ನೂ ಒಟ್ಟಿಗೆ. ಬಸ್ಸಿನಲ್ಲಿ ತುಟಿ ನೀಲಿಯಾಯಿತಂತೆ. ಕಂಡಕ್ಟರೇ ಬಸ್ಸನ್ನು ಆಸ್ಪತ್ರೆಯ ಬಾಗಿಲಿಗೆ ತಿರುಗಿಸಿದರಂತೆ.

ಮೂರನೇ ದಿನ ನರ್ಸು ನನ್ನ ಚೀಲ ಸುರಿದು ಒಳಗಿದ್ದುದನ್ನೆಲ್ಲ ಪಟ್ಟಿ ಮಾಡಿದಳು. ಎರಡು ಡಬ್ಬಿ ಸಿಕ್ಕವು, ಒಂದು ಖಾಲಿ, ಒಂದು ಒಡೆಯದ್ದು. ಎದೆ ರೋಗದ ಡಾಕ್ಟರಮ್ಮ ಬಂದು, "ಯಾವ ಔಷಧೀನೂ ಇಲ್ಲ ಅಂದ್ರಲ್ಲಮ್ಮಾ, ಇದೇನು?" ಅಂದರು. "ಅದು ಔಷಧಿ ಅಲ್ಲ ಡಾಕ್ಟ್ರೇ, ಕಾವಲು" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಯಾರು ಹೇಳಿದ್ದು?" ಅಂದರು. ಕೆಮ್ಮು ಬಂದದ್ದು ಒಳ್ಳೆಯದೇ ಆಯಿತು.

ಆಮೇಲೆ ಅವರು ಹೊಸ ಡಬ್ಬಿ ಒಡೆದು ಒಂದು ಕ್ಯಾಪ್ಸೂಲು ಬಿಚ್ಚಿ ಮೂಸಿದರು. ನಕ್ಕರು. "ಇದು ಬರೀ ಬಿ ವಿಟಮಿನ್ನು. ಇದಕ್ಕೆ ಆ ಹೆಸರಿನ ಚೀಟಿ ಯಾರು ಅಂಟಿಸಿದ್ದು? ಅಂಗಡಿಯೋರು ನಿಮಗೆ ಟೋಪಿ ಹಾಕಿದ್ದಾರೆ" ಅಂದರು. ಅವರು ನಗುತ್ತಿದ್ದರು, ನಾನು ಡಬ್ಬಿಯ ಮೇಲಿನ ಚೀಟಿ ನೋಡುತ್ತಿದ್ದೆ. ನಿನ್ನ ದುಂಡು ಅಕ್ಷರ. ಬಿ ವಿಟಮಿನ್ ನುಂಗಿದರೂ ಮೂತ್ರ ಹಳದಿಯಾಗುತ್ತದಂತೆ. ಆ ಹಳದಿ ನಿಂತುಹೋದರೆ ನಾನು ಕೇಳುತ್ತೇನೆ ಅಂತ ಅದನ್ನೇ ಆರಿಸಿದ್ದೀಯ. ಎಂಥ ಅಚ್ಚುಕಟ್ಟು ಅಕ್ಕಾ ನಿನ್ನದು!

ನೀನು ಪತ್ರಿಕೆ ತಿರುವಿದ್ದು ನವೆಂಬರ್ ಹದಿನಾಲ್ಕಕ್ಕೆ. ಆ ಚೀಟಿ ಅಂಟಿಸಿದ್ದು ಅಕ್ಟೋಬರ್ ಇಪ್ಪತ್ತೊಂದಕ್ಕೆ. ಅಮ್ಮನಾಣೆ ಹಾಕಿ ಬರೆದಿದ್ದೀಯ. ಅಮ್ಮ ಸತ್ತು ಒಂಬತ್ತು ವರ್ಷವಾಯಿತು, ನಿನ್ನ ಪುಣ್ಯ.

ಡಾಕ್ಟರಮ್ಮ ಆ ಮಾತ್ರೆಯ ವಿವರದ ಕಾಗದ ತರಿಸಿ ನನಗೆ ಓದಲು ಕೊಟ್ಟರು. ಎದೆಯ ವಿಷಯ ಸಣ್ಣ ಅಕ್ಷರದಲ್ಲೇನೂ ಇಲ್ಲ. ಕನ್ನಡಕವಿಲ್ಲದೆ ಓದಿದೆ.

ಇನ್ನೊಂದು. ಹದಿನೈದನೇ ತಾರೀಖು ಮಧ್ಯಾಹ್ನ ಕೊಳದ ಆಫೀಸಿಗೆ ಒಂದು ಫೋನು ಬಂತಂತೆ. ಯಾರೋ ಹೆಂಗಸು ನನ್ನನ್ನು ಕೇಳಿದರಂತೆ. "ಇಲ್ಲೇ ಕೀಲಿ ಕೊಡ್ತಾ ಕೂತಿದ್ದಾರೆ, ಕರೀಲಾ? ಯಾರು ಅಂತ ಹೇಳ್ಲಿ?" ಅಂದದ್ದಕ್ಕೆ, "ಬೇಡ ಬಿಡಿ" ಅಂತ ಇಟ್ಟರಂತೆ. ಅಜ್ಜ ಹೇಳಿದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಇನ್ನೂ ಏಳು ಕ್ಯಾಪ್ಸೂಲು ಉಳಿದಿದ್ದವು.

ನನಗೆ ಸಿಟ್ಟು ಬಂದಿದೆ. ಮಾತ್ರೆ ಕೊಟ್ಟದ್ದಕ್ಕಲ್ಲ. ನನ್ನ ಒಳ್ಳೆಯದಕ್ಕೇ ಕೊಟ್ಟೆ, ಅದು ನನಗೆ ಒಗ್ಗಲಿಲ್ಲ, ಯಾರಿಗಾದರೂ ಆಗಬಹುದಾದದ್ದು. ಬೈದದ್ದಕ್ಕೂ ಅಲ್ಲ, ನಿನ್ನ ಬೈಗುಳ ತಿಂದೇ ಬೆಳೆದವಳು ನಾನು. ಪುಟ್ಟಿ ಅಂತ ಬರೆದೆಯಲ್ಲ, ಅದಕ್ಕೆ. ಆ ಒಂದು ಮಾತು ಬರೆಯುವ ಜಾಗದಲ್ಲಿ "ನಿಲ್ಲಿಸು" ಅಂತ ಬರೆಯಬಹುದಿತ್ತು. ಅಕ್ಷರ ಹೆಚ್ಚೇನೂ ಆಗುತ್ತಿರಲಿಲ್ಲ.

ಎರಡೂ ಶ್ವಾಸಕೋಶದ ಕೆಳಭಾಗ ಕಲೆಗಟ್ಟಿ ಬಿಗಿದುಕೊಂಡಿದೆ. ಊತ ಇಳಿಯುತ್ತಿದೆ, ಕಲೆ ಹೋಗುವುದಿಲ್ಲ. "ಒಂದು ತಿಂಗಳು ಮುಂಚೆ ಬಿಟ್ಟಿದ್ರೆ?" ಅಂತ ಕೇಳಿದೆ. "ಬಹುಶಃ ಪೂರ್ತಿ ವಾಸಿಯಾಗ್ತಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ, ಆದ್ರೆ ಆ ಕೊನೇ ನಲವತ್ತಾರು ನಿಮ್ಮನ್ನ ಮುಗಿಸ್ತು" ಅಂದರು. ಈಜುವುದು ಇನ್ನಿಲ್ಲ. ಮೆಟ್ಟಿಲೂ ಇಲ್ಲ, ಮನೆ ಬದಲಾಯಿಸಬೇಕು. ನಿನ್ನೆ ನಾನೇ ಎಣಿಸಿ ನೋಡಿದೆ, ಉಸಿರು ಕಟ್ಟಿ ಅಲ್ಲ, ಸುಮ್ಮನೆ ಬಾಯಿ ಬಿಟ್ಟು ಎಣಿಸುತ್ತಾ. ಒಂದೇ ಉಸಿರಿನಲ್ಲಿ ಆರರವರೆಗೆ ಬಂತು.

ಇನ್ನು ಕೆಲಸದ ವಿಷಯ. ಔಷಧಿಯಿಂದ ಹೀಗೇನಾದರೂ ಆದರೆ ಇಲ್ಲಿ ಒಂದು ನಮೂನೆ ತುಂಬಿ ಕಳಿಸಬೇಕಂತೆ. ಡಾಕ್ಟರಮ್ಮ ನನ್ನ ಪಕ್ಕದಲ್ಲೇ ಕೂತು ತುಂಬಿದರು. ವಯಸ್ಸು, ತೂಕ, ಮಾತ್ರೆಯ ಹೆಸರು, ಶುರುಮಾಡಿದ ದಿನ. "ಕೊಟ್ಟವರು" ಅನ್ನುವ ಕಡೆ ಮೆಡಿಕಲ್ ಶಾಪು ಅಂತಲೇ ಹೇಳಿದೆ, ನೀನು ಹೇಳಿಕೊಟ್ಟ ಹಾಗೆ. ಅವರು ನಂಬಿದರೋ ಇಲ್ಲವೋ, ಹಾಗೇ ಬರೆದುಕೊಂಡರು. ಈ ಕಡೆಯ ನಮೂನೆಗಳೆಲ್ಲ ಪರಿಶೀಲನೆಗೆ ನಿಮ್ಮ ದೊಡ್ಡಾಸ್ಪತ್ರೆಗೇ ಹೋಗುತ್ತವಂತೆ, ಔಷಧಿ ವಿಭಾಗದ ಮುಖ್ಯಸ್ಥರ ಹೆಸರಿಗೆ. ಹೊಸದಾಗಿ ಯಾರೋ ಬಂದಿದ್ದಾರೆ, ಬಹಳ ಶಿಸ್ತಿನ ಹೆಂಗಸು, ಒಂದು ಖಾನೆ ಖಾಲಿಯಿದ್ದರೂ ವಾಪಸ್ ಕಳಿಸುತ್ತಾರೆ ಅಂದರು.

ಒಂಬತ್ತನೇ ಖಾನೆಯಲ್ಲಿ, ಔಷಧಿ ನಿಲ್ಲಿಸಿದ ದಿನಾಂಕ ಅಂತಿದೆ. "ಯಾವತ್ತು ನಿಲ್ಲಿಸಿದ್ರಿ?" ಅಂತ ಕೇಳಿದರು. ನಾನು ನಿಲ್ಲಿಸಿದ್ದು ನವೆಂಬರ್ ಹದಿನೆಂಟಕ್ಕೆ. ನೀನು ನಿಲ್ಲಿಸಿದ್ದು ಅಕ್ಟೋಬರ್ ಇಪ್ಪತ್ತೊಂದಕ್ಕೆ. ನಡುವೆ ಇಪ್ಪತ್ತೆಂಟು ದಿನ. "ಅದನ್ನು ಖಾಲಿ ಬಿಡಿ ಡಾಕ್ಟ್ರೇ, ಅಲ್ಲಿರೋರಿಗೆ ಗೊತ್ತಿದೆ" ಅಂದೆ.

ನಮೂನೆ ನಿನ್ನೆ ಹೊರಟಿದೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಅದು ನಿನ್ನ ಮೇಜಿನ ಮೇಲಿರುತ್ತದೆ. ಒಂದು ತಾರೀಖು ಬರೆದು ಕೆಳಗೆ ಸಹಿ ಹಾಕು.

ತಂಗಿ